ಮಾತ್ರೆಗೇ ಹಣ ಸಾಲದ ಊರಿನಲ್ಲಿ ಸಂಶೋಧನೆ ಏಕೆ?

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೊಮ್ಮೆ ಸಾಮಾನ್ಯ ಮಾತ್ರೆಗಳೂ ಸಿಗುವುದಿಲ್ಲ. ಹೀಗಿರುವಾಗ ಆರೋಗ್ಯ ಸಂಶೋಧನೆಗೆ ಸರ್ಕಾರದ ಹಣ ಏಕೆ? ಶ್ರೀಮಂತ ದೇಶಗಳು ಕಂಡುಹಿಡಿದದ್ದನ್ನು ಬಳಸಿಕೊಂಡರೆ ಸಾಲದೆ?
– ಲಿಂಗಸುಗೂರು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮೊದಲ ಮಾತಿನ ಅಸಮಾಧಾನ ನ್ಯಾಯವಾದದ್ದೇ. ಎರಡನೆಯ ಮಾತಿಗೆ ನಿಮ್ಮ ಊರಿನ ನೀರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳು ಅದರ ಗುರುತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಹಾಕಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆ ಸಂಸ್ಥೆ ಇಂತಹ ಮಿತಿಗಳನ್ನು ಲೆಕ್ಕ ಹಾಕುವಾಗ ವಯಸ್ಕರು ದಿನಕ್ಕೆ ಸುಮಾರು 2 ಲೀಟರ್ ನೀರು ಕುಡಿಯುತ್ತಾರೆಂದು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಉದ್ಯೋಗ ಖಾತ್ರಿಯ ಕೆರೆ ಕೆಲಸಕ್ಕೆ ಹೋಗಿ ಬುಟ್ಟಿ ಹೊರುವ ಹೆಂಗಸಿಗೆ ಎರಡು ಲೀಟರ್ ಊಟದ ಹೊತ್ತಿನೊಳಗೇ ಮುಗಿದಿರುತ್ತದೆ. ಆಕೆ 5 ಲೀಟರ್ ಕುಡಿದರೆ, ‘ಮಿತಿಯೊಳಗಿನ’ ನೀರಿನಿಂದಲೇ 3 ಮಿಲಿಗ್ರಾಂ ಬದಲು 7.5 ಮಿಲಿಗ್ರಾಂ ದೇಹ ಸೇರುತ್ತದೆ. ಅದೇ ನೀರಿನಲ್ಲಿ ಬೆಂದ ಬೇಳೆಯದು ಬೇರೆ. ಸ್ಥಳೀಯ ಮಿತಿ ಗೊತ್ತುಮಾಡುವಾಗ ಜನ ಎಷ್ಟು ನೀರು ಕುಡಿಯುತ್ತಾರೆಂಬುದನ್ನು ನೋಡಬೇಕೆಂದು ಆ ಸಂಸ್ಥೆಯೇ ಹೇಳುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಅದನ್ನು ಅಳೆಯಲು ಆ ಸಂಸ್ಥೆಯ ಕೇಂದ್ರ ಕಚೇರಿಯಿರುವ ಜಿನೀವಾದಿಂದ ಯಾರೂ ಬರುವುದಿಲ್ಲ. ಹಟ್ಟಿಯ ಚಿನ್ನದ ಅದಿರಿನ ಜೊತೆಗಿರುವ, ಆರ್ಸೆನಿಕ್ ಎಂಬ ವಿಷವಸ್ತುವಿನ ಖನಿಜದ ವಿಚಾರವೂ ಅಷ್ಟೇ: ಯಾವ ಬಾವಿ, ಎಷ್ಟು ಆಳ, ಎಷ್ಟು ವರ್ಷದಿಂದ ಎಂಬುದನ್ನು ಇಲ್ಲಿಯೇ ಕೇಳಬೇಕು.

ಹೀಗೆ ಇಲ್ಲಿಯೇ ಕೇಳಿದ ಪ್ರಶ್ನೆಗಳು ಹಣ ಉಳಿಸಿಕೊಟ್ಟದ್ದೂ ಉಂಟು. ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಇರಿಸಲೇಬೇಕೆಂಬ ನಂಬಿಕೆಯಿದ್ದ ಕಾಲದಲ್ಲಿ, 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರವೊಂದು ಬಡ ರೋಗಿಗಳಿಗೆ ಮನೆಯಲ್ಲಿಯೇ ಔಷಧಿ ಕೊಟ್ಟು, ಫಲಿತಾಂಶ ಆರೋಗ್ಯಧಾಮದಲ್ಲಿದ್ದವರಿಗೆ ಸಮನಾಗಿಯೇ ಇದೆಯೆಂದು ತೋರಿಸಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳಿಗೆ ಹಾಕುವ ಡ್ರಿಪ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು–ಗ್ಲೂಕೋಸಿನ ನೀರನ್ನು ಬಾಯಿಯ ಮೂಲಕ ಕೊಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಅನುಭವವೂ ಇದೆ.

ಇನ್ನು ಹಣ. ಅಭಿವೃದ್ಧಿಶೀಲ ದೇಶಗಳು ತಮ್ಮ ಆರೋಗ್ಯ ವೆಚ್ಚದ ಶೇ 2ರಷ್ಟನ್ನಾದರೂ ಸಂಶೋಧನೆಗೆ ಮೀಸಲಿಡಬೇಕೆಂದು 1990ರಲ್ಲಿಯೇ ಅಂತರರಾಷ್ಟ್ರೀಯ ಆಯೋಗವೊಂದು ಹೇಳಿತ್ತು. ಭಾರತದಲ್ಲಿ ಸರ್ಕಾರ ಮತ್ತು ಜನ ಸೇರಿ 2021–22ರಲ್ಲಿ ಆರೋಗ್ಯಕ್ಕೆ ಮಾಡಿದ ಒಟ್ಟು ವೆಚ್ಚ ಸುಮಾರು 9 ಲಕ್ಷ ಕೋಟಿ ರೂಪಾಯಿ. ಅದರ ಶೇ 2 ಎಂದರೆ 18 ಸಾವಿರ ಕೋಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಹಣ ಒದಗಿಸುವ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಗೆ 2025–26ರಲ್ಲಿ ಇಟ್ಟದ್ದು ಸುಮಾರು 3,900 ಕೋಟಿ. ಬೇರೆ ಇಲಾಖೆಗಳೂ ಕೊಡುತ್ತವೆಯಾದರೂ ಅಂತರ ದೊಡ್ಡದೇ. ಆದ್ದರಿಂದ ಮಾತ್ರೆಯ ಹಣವನ್ನು ಸಂಶೋಧನೆ ನುಂಗುತ್ತಿದೆ ಎನ್ನಲಾಗದು. ಮಾತ್ರೆ ಯಾವ ತಿಂಗಳು, ಯಾವ ಹಂತದಲ್ಲಿ ತಪ್ಪುತ್ತದೆಂದು ದಾಸ್ತಾನು ಪುಸ್ತಕ ಹಿಡಿದು ಪತ್ತೆ ಮಾಡುವುದೂ ಆರೋಗ್ಯ ಸಂಶೋಧನೆಯೇ, ಅದೂ ತೀರ ಅಗ್ಗದ್ದು.

ನಮ್ಮ ಭಾಗಕ್ಕೆ ಇನ್ನೊಂದು ದಾರಿಯಿದೆ. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಖನಿಜಕ್ಕಾಗಿ ಸರ್ಕಾರಕ್ಕೆ ಕೊಡುವ ರಾಜಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ಶೇ 30ರಷ್ಟನ್ನು, ಹರಾಜಿನ ಗುತ್ತಿಗೆಯಾದರೆ ಶೇ 10ರಷ್ಟನ್ನು, ಗಣಿಗಾರಿಕೆಯಿಂದ ತೊಂದರೆಗೊಳಗಾದ ಜನರ ಹಿತಕ್ಕಾಗಿರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಕುಡಿಯುವ ನೀರು ಮತ್ತು ಆರೋಗ್ಯ ಅದರ ಆದ್ಯತೆಯ ಬಾಬ್ತುಗಳು. ಕಟ್ಟಡಕ್ಕೆ ಶಿಲಾಫಲಕ ಹಾಕಬಹುದು, ಸಮೀಕ್ಷೆಗೆ ಹಾಕಲಾಗುವುದಿಲ್ಲ ಎಂಬುದೇ ಇಲ್ಲಿರುವ ತೊಡಕು ಎಂದು ನನಗೆ ತೋರುತ್ತದೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಹೇಗೂ ಪ್ರಬಂಧ ಬರೆಯಲೇಬೇಕು. ಪರೀಕ್ಷಾ ಕಿಟ್, ವಾಹನದ ಡೀಸೆಲ್ ಮತ್ತು ಮನೆ ಮನೆಗೆ ಹೋಗುವವರ ದಿನಭತ್ಯೆ ಸಿಕ್ಕರೆ, ಆ ಪ್ರಬಂಧ ನಿಮ್ಮೂರಿನ ಬಾವಿಗಳನ್ನೇ ಕುರಿತದ್ದಾಗಬಹುದು.