ಇವಿ ಟ್ರೈನಿಂಗ್ ಅಂದ್ರೆ ಎಂತ? (ಸ್ಕೂಟರ್ ವಿಷಯ ಅಲ್ಲ)

ಮೊದಲೇ ಹೇಳಿ ಬಿಡ್ತೇನೆ, ಇದು ಎಲೆಕ್ಟ್ರಿಕ್ ಸ್ಕೂಟರಿನ ವಿಷಯ ಅಲ್ಲ. ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ಅಕ್ಕನ ಮಗ "ಮಾಮ ನಂಗೆ ಇವಿ ಟ್ರೈನಿಂಗ್ ಹೇಳಿ ಕೊಡ್ತಾರೆ" ಅಂತ ಹಾಕಿದ್ದೇ ತಡ, ಭಾವ ಫೋನ್ ಮಾಡಿ "ಅವನಿಗೆ ಇನ್ನೂ ಹದಿಮೂರು ಮಾರಾಯ, ಲೈಸೆನ್ಸ್ ಇಲ್ಲ, ಮಳೆಗೆ ರೋಡೆಲ್ಲ ಗುಂಡಿ, ಗಾಡಿ ಕೊಡ್ಬೇಡ" ಅಂತ ಶುರು ಮಾಡಿದ್ರು. ಪೋಕೆಮಾನ್ ಗೇಮಿನ ವಿಷಯ ಭಾವ ಅಂದೆ. ಅದಾದ್ರೆ ಮೊದಲು ಓದಿಗೆ ಟ್ರೈನಿಂಗ್ ಕೊಡು ಅಂತ ಫೋನ್ ಇಟ್ರು. ಹಾಗಾಗಿ ಭಾವನಂಥವರಿಗೂ ಅರ್ಥ ಆಗೋ ಹಾಗೆ ಒಮ್ಮೆ ಬರೆದು ಇಡುವ ಅಂತ ಕೂತದ್ದು.

ಇಲ್ಲಿ ಇವಿ ಅಂದ್ರೆ ಎಫರ್ಟ್ ವ್ಯಾಲ್ಯೂ. ಜಪಾನಿನ ಆಟಗಾರರು ಡೊರ್ಯೊಕುಚಿ ಅಂತಾರೆ, ಡೊರ್ಯೊಕು ಅಂದ್ರೆ ಶ್ರಮ, ಚಿ ಅಂದ್ರೆ ಬೆಲೆ ಅಥವಾ ಅಂಕ, ಕನ್ನಡದಲ್ಲಿ ಬೇಕಾದ್ರೆ ದುಡಿಮೆ ಅಂಕ ಅನ್ನಬಹುದು, ಆದ್ರೆ ಯಾರೂ ಅನ್ನೋದಿಲ್ಲ, ಎಲ್ಲ ಇವಿ ಅಂತಲೇ. ಆಟದಲ್ಲಿ ಕಾದಾಡೋ ಒಂದೊಂದು ಪೋಕೆಮಾನಿಗೂ ಆರು ಸ್ಟ್ಯಾಟ್, ಅಂದ್ರೆ ಬಲದ ಅಂಕ ಉಂಟು: ಎಚ್‌ಪಿ ಅಂದ್ರೆ ಜೀವ, ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್. ನೀವು ಎದುರಿನದ್ದನ್ನು ಹೊಡೆದು ಮಲಗಿಸಿದಾಗ ಎಕ್ಸ್‌ಪೀರಿಯನ್ಸ್ ಬರೋದು ಸ್ಕ್ರೀನಲ್ಲೇ ಕಾಣ್ತದೆ, ಅದರ ಜೊತೆಗೆ ಹಿಂದಿನ ಬಾಗಿಲಿಂದ ಇವಿ ಕೂಡ ಬರ್ತದೆ, ಒಂದರಿಂದ ಮೂರು. ಯಾವುದನ್ನು ಹೊಡೆದ್ರಿ ಅನ್ನೋದರ ಮೇಲೆ ಯಾವ ಸ್ಟ್ಯಾಟಿಗೆ ಅಂತ. ಝೂಬ್ಯಾಟ್ ಹೊಡೆದ್ರೆ ಸ್ಪೀಡಿಗೆ ಒಂದು, ಜಿಯೋಡ್ಯೂಡ್ ಹೊಡೆದ್ರೆ ಡಿಫೆನ್ಸಿಗೆ ಒಂದು, ಗ್ಯಾಸ್ಟ್ಲಿ ಹೊಡೆದ್ರೆ ಸ್ಪೆಷಲ್ ಅಟ್ಯಾಕಿಗೆ ಒಂದು. ಲೆವೆಲ್ 100ರಲ್ಲಿ ಇಂಥ ನಾಲ್ಕು ಪಾಯಿಂಟ್ ಸೇರಿದ್ರೆ ಸ್ಟ್ಯಾಟಲ್ಲಿ ಒಂದು ಏರ್ತದೆ.

ಇಷ್ಟೇ ಆದ್ರೆ ಎಲ್ಲರೂ ಎಲ್ಲದಕ್ಕೂ ತುಂಬಿಸ್ತಾ ಕೂರ್ತಿದ್ರು. ಆದ್ರೆ ಒಟ್ಟು ಸೇರಿ 510, ಒಂದು ಸ್ಟ್ಯಾಟಿಗೆ ಹೆಚ್ಚೆಂದ್ರೆ 252. ಎರಡು ಸ್ಟ್ಯಾಟಿಗೆ ಪೂರ್ತಿ ಹಾಕಿದ್ರೆ 504 ಹೋಯ್ತು, ಉಳಿದದ್ದು ಆರು, ಅದರಲ್ಲಿ ಉಪಯೋಗಕ್ಕೆ ಬರೋದು ನಾಲ್ಕು. ಎಲ್ಲಾ ಕಡೆ ನೋಡ್ತೀರಲ್ಲ 252, 252, 4 ಅಂತ, ಅದು ಬಂದದ್ದು ಹೀಗೆ.

ಈ ಮಿತಿ ಮೊದಲಿಂದ ಇದ್ದದ್ದಲ್ಲ. 1996ರಲ್ಲಿ ಜಪಾನಲ್ಲಿ ಮೊದಲ ಗೇಮ್ ಬಂದಾಗ ಸ್ಟ್ಯಾಟ್ ಎಕ್ಸ್‌ಪೀರಿಯನ್ಸ್ ಅಂತ ಇತ್ತು, ಒಂದೊಂದಕ್ಕೂ 65,535ರ ತನಕ, ಪುರುಸೊತ್ತಿದ್ದವ ಎಲ್ಲವನ್ನೂ ತುಂಬಿಸಬಹುದಿತ್ತು. 2002ರ ರೂಬಿ, ಸಫೈರ್ ಗೇಮುಗಳಲ್ಲಿ ಅದನ್ನು ತೆಗೆದು 510 ಮಾಡಿದ್ರು. ನನ್ನ ಲೆಕ್ಕದಲ್ಲಿ ಪೋಕೆಮಾನ್ ಟ್ರೈನಿಂಗ್ ಅನ್ನೋದಕ್ಕೆ ಅರ್ಥ ಬಂದದ್ದು ಅವತ್ತಿಂದ. ಅದಕ್ಕೂ ಮೊದಲು ಇದ್ದದ್ದು ಬರೀ ದುಡಿಮೆ, ಆಮೇಲೆ ಬಂದದ್ದು ಆಯ್ಕೆ, ಎಂತ ಬೇಡ ಅಂತ ಹೇಳಲೇಬೇಕಾದ ಆಯ್ಕೆ.

ಕಂಬಳ ನೋಡಿದವರಿಗೆ ಇದು ಬೇಗ ತಲೆಗೆ ಹೋಗ್ತದೆ. ಕರೆ (ಕೋಣ ಓಡೋ ಗದ್ದೆ) ಒಂದೇ, ಕೆಸರು ಒಂದೇ, ಆದ್ರೆ ಹಗ್ಗದ ವಿಭಾಗದಲ್ಲಿ ಓಡೋ ಜೋಡಿಯ ಕೆಲಸ ಬೇರೆ, ಕನೆಹಲಗೆಯ ಜೋಡಿಯ ಕೆಲಸ ಬೇರೆ. ಹಗ್ಗದಲ್ಲಿ ಯಾರು ಮೊದಲು ಮಂಜೊಟ್ಟಿ, ಅಂದ್ರೆ ಕರೆಯ ಕೊನೆ ಮುಟ್ಟಿದ್ರು ಅಂತ ನೋಡ್ತಾರೆ, ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರ ಹಾರಿ ಮೇಲೆ ಕಟ್ಟಿದ ನಿಶಾನೆಗೆ ತಾಗಿತು ಅಂತ ನೋಡ್ತಾರೆ. ಎರಡೂ ಮನೆಯಲ್ಲಿ ಹುರುಳಿ ಬೇಯಿಸಿ ಹಾಕ್ತಾರೆ, ಎಣ್ಣೆ ಹಚ್ಚಿ ತಿಕ್ತಾರೆ, ಆದ್ರೆ ಯಾವುದಕ್ಕೆ ತಯಾರು ಮಾಡೋದು ಅಂತ ಯಜಮಾನರಿಗೆ ಮೊದಲೇ ಗೊತ್ತಿರ್ತದೆ. ಪೋಕೆಮಾನಲ್ಲಿ ಆ ಹುರುಳಿಯ ಮೂಟೆ ಎಲ್ಲರಿಗೂ ಒಂದೇ ಸೈಜು, 510. ಮುಗಿದ್ರೆ ಮುಗೀತು.

ನನಗೆ ಇದು ಗೊತ್ತಾದದ್ದು ಕಾಪುವಿನ ಅಜ್ಜಿ ಮನೆಯಲ್ಲಿ, ಮರ್ಯಾದೆ ಹೋದ ಮೇಲೆ. ದೊಡ್ಡಮ್ಮನ ಮಗ ಅಣ್ಣನ ಕಂಪ್ಯೂಟರಲ್ಲಿ ಎಮ್ಯುಲೇಟರ್ ಹಾಕಿ ಎಮರಾಲ್ಡ್ ಅನ್ನೋ ಪೋಕೆಮಾನ್ ಗೇಮ್ ಆಡ್ತಿದ್ದೆವು. ನನ್ನ ಸ್ವಾಂಪರ್ಟ್ ಅನ್ನೋ ಪೋಕೆಮಾನ್ ಕಥೆಯ ಕೊನೆಯ ಲೀಗ್ ಗೆದ್ದು ಕೂತಿತ್ತು. ಅಣ್ಣ ಎಲ್ಲೋ ಓದಿ ಬಂದು ಇವಿ ಅಂತ ಒಂದುಂಟು, ಎಚ್‌ಪಿ ಬೇಕಾದ್ರೆ ರಸ್ಟರ್ಫ್ ಟನಲ್‌ಗೆ ಹೋಗು, ಅಲ್ಲಿ ಬರೀ ವಿಸ್ಮರ್ ಸಿಗೋದು, ಒಂದಕ್ಕೆ ಒಂದು ಪಾಯಿಂಟ್, ಇವಿ ಡಬಲ್ ಮಾಡೋ ಮಾಚೋ ಬ್ರೇಸ್ ಹಾಕಿದ್ರೆ ಎರಡು ಅಂತ ಹೇಳಿದ. ಸರಿ, ಹಳೇ ಗಣಿತ ಪುಸ್ತಕದ ಹಿಂದಿನ ಪೇಜಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು ಹಾಕ್ತಾ 126 ವಿಸ್ಮರ್ ಹೊಡೆಯಲಿಕ್ಕೆ ಕೂತೆ. ಹೊರಗೆ ಆಷಾಢದ ಮಳೆ, ನಡುವೆ ಎರಡು ಸಲ ಕರೆಂಟ್ ಹೋಯ್ತು, ಸೇವ್ ಮಾಡದೆ ಇದ್ದದ್ದಕ್ಕೆ ಒಮ್ಮೆ ಮೂವತ್ತು ಗೀಟು ರಬ್ಬರಲ್ಲಿ ಅಳಿಸಬೇಕಾಯ್ತು. ಅಜ್ಜಿ ಹಪ್ಪಳ ತಂದಿಟ್ಟು "ಎಂತ ಮಗ, ಹಾಲಿನ ಲೆಕ್ಕವಾ" ಅಂತ ಕೇಳಿದ್ರು. ಎಲ್ಲ ಮುಗಿದು ಸ್ಟ್ಯಾಟ್ ನೋಡಿದ್ರೆ ಎಚ್‌ಪಿ ಎಲ್ಲಿತ್ತೋ ಅಲ್ಲೇ ಉಂಟು. ಒಂದು ಪಾಯಿಂಟ್ ಕೂಡ ಏರಿಲ್ಲ.

ಅಣ್ಣ ಬಂದು ನೋಡಿ ಸ್ಲೇಟ್‌ಪೋರ್ಟ್ ಪೇಟೆಗೆ ಹೋಗಲಿಕ್ಕೆ ಹೇಳಿದ, ಅಲ್ಲಿ ಒಬ್ಬಳು ಹೆಂಗಸು ಎಫರ್ಟ್ ರಿಬ್ಬನ್ ಕೊಡ್ತಾಳೆ, 510 ತುಂಬಿದ ಪೋಕೆಮಾನಿಗೆ ಮಾತ್ರ. ಹೋದೆ, ಕೊಟ್ಟಳು. ನಾನು ಗೆದ್ದೆ ಅಂತ ಕುಣಿದೆ. ಆಗ ಅಣ್ಣ, "ಎಂತ ಮಾರಾಯ ನೀನು, ಇದು ನೀನು ವಿಸ್ಮರ್ ಹೊಡೆಯುವ ಮೊದಲೇ ತುಂಬಿತ್ತು" ಅಂದ. ಅಂದ್ರೆ ಕಥೆ ಆಡುವಾಗ ದಾರಿಯಲ್ಲಿ ಸಿಕ್ಕಿದ ಝೂಬ್ಯಾಟ್, ಟೆಂಟಕೂಲ್, ಪೂಚಿಯೆನಾ ಎಲ್ಲ ಹೊಡೆದು ಹೊಡೆದು ಆರು ಕಡೆಗೂ ಸ್ವಲ್ಪ ಸ್ವಲ್ಪ ಹರಡಿ 510 ಆಗಿ ಹೋಗಿತ್ತು. ತುಂಬಿದ ಕೊಡಪಾನಕ್ಕೆ ನಾನು ಎರಡು ದಿನ ನೀರು ಹೊಯ್ದದ್ದು. ರಿಬ್ಬನ್ ಹೇಳೋದು ಎಷ್ಟು ತುಂಬಿತು ಅಂತ, ಎಲ್ಲಿ ತುಂಬಿತು ಅಂತ ಅಲ್ಲ. ಎಮರಾಲ್ಡಲ್ಲಿ ಇವಿ ಇಳಿಸೋ ಹಣ್ಣುಗಳು ಉಂಟು, ಒಂದು ತಿನ್ನಿಸಿದ್ರೆ 10 ಕಮ್ಮಿ, ಆದ್ರೆ ಆ ಹಣ್ಣು ಬೆಳೆಸುವ ತಾಳ್ಮೆ ನನಗಿರಲಿಲ್ಲ, ಸ್ವಾಂಪರ್ಟಿನ ಮರಿ ರೂಪ ಮಡ್‌ಕಿಪ್, ಅದನ್ನು ಹೊಸದಾಗಿ ಮರಿ ಮಾಡಿ ಸೊನ್ನೆಯಿಂದ ಶುರು ಮಾಡಿದೆ.

(ಇದರ ಜೊತೆ ಐವಿ ಮತ್ತೆ ನೇಚರ್ ಅಂತ ಎರಡು ಪದ ಕೇಳಿರ್ತೀರಿ. ಐವಿ ಹುಟ್ಟುವಾಗಲೇ ಬರೋದು, ಸೊನ್ನೆಯಿಂದ 31ರ ತನಕ. ನೇಚರ್ ಒಟ್ಟು 25, ಅದರಲ್ಲಿ 20 ಒಂದು ಸ್ಟ್ಯಾಟನ್ನು ಶೇಕಡಾ 10 ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸ್ತದೆ, ಉಳಿದ ಐದು ಏನೂ ಮಾಡೋದಿಲ್ಲ. ಇವಿ ಒಂದೇ ನೀವು ದುಡಿದು ಹಾಕಿದ್ದು.)

ಈಗ ಪ್ಲೇ ಸ್ಟೈಲ್ ವಿಷಯಕ್ಕೆ ಬರುವ, ನಿಜವಾದ ರುಚಿ ಇರೋದು ಇಲ್ಲಿ. ಒಬ್ಬನ ಟೀಮಿನ ಇವಿ ಹಂಚಿಕೆ ನೋಡಿದ್ರೆ ಅವನ ಸ್ವಭಾವ ಅರ್ಧ ಗೊತ್ತಾಗ್ತದೆ. ಟೀಮಿನ ಆರಕ್ಕೆ ಆರು ಪೋಕೆಮಾನಲ್ಲೂ ಅಟ್ಯಾಕಿಗೂ ಸ್ಪೀಡಿಗೂ 252 ಹಾಕಿದವ ಹೈಪರ್ ಅಫೆನ್ಸ್ ಆಡುವವ, ಹೊಡಿ ಇಲ್ಲ ಸಾಯಿ, ಹತ್ತು ಟರ್ನಲ್ಲಿ ಮ್ಯಾಚ್ ಮುಗಿಬೇಕು, ಗೆದ್ರೂ ಸರಿ ಸೋತ್ರೂ ಸರಿ. ಎಚ್‌ಪಿಗೂ ಡಿಫೆನ್ಸಿಗೂ ಸುರಿದವ ಸ್ಟಾಲ್ ಆಡುವವ, ಬ್ಲಿಸಿ ಅನ್ನೋ ಗಟ್ಟಿ ಪೋಕೆಮಾನನ್ನು ತಂದು ಕೂರಿಸಿ ನಿಮಗೆ ವಿಷ ಹಾಕಿ, ತಾನು ಮದ್ದು ಮಾಡಿಕೊಂಡು, ನೀವು ಬೇಜಾರಾಗಿ ತಪ್ಪು ಮಾಡುವ ತನಕ ಕಾಯ್ತಾನೆ. ಹೊಡೆತ ತಡೆಯೋ ಪೋಕೆಮಾನಿಗೆ ವಾಲ್ ಅಂತಲೇ ಹೆಸರು, ನಮ್ಮ ದ್ರಾವಿಡಿಗೂ ಅದೇ ಅಡ್ಡ ಹೆಸರು, ಹಾಗಾಗಿ ಕರ್ನಾಟಕದವರು ಸ್ಟಾಲ್ ಆಡುವವರನ್ನು ಬೈಯುವ ಮೊದಲು ಒಮ್ಮೆ ಯೋಚಿಸಬೇಕು. ಈ ಎರಡರ ನಡುವೆ ಬ್ಯಾಲೆನ್ಸ್ ಅಂತ ಉಂಟು, ಹೆಸರೇ ಹೇಳ್ತದೆ.

ಆದ್ರೆ ನನಗೆ ಇಷ್ಟ ಟ್ರಿಕ್ ರೂಮ್ ಅನ್ನೋ ಪಟ್ಟು. 2006ರ ಡೈಮಂಡ್, ಪರ್ಲ್ ಗೇಮುಗಳಲ್ಲಿ ಬಂದದ್ದು. ಅದನ್ನು ಹಾಕಿದ್ರೆ ಐದು ಟರ್ನ್ ಎಲ್ಲ ಉಲ್ಟಾ, ನಿಧಾನ ಇರುವವನೇ ಮೊದಲು. ಈ ಟೀಮ್ ಮಾಡುವವ ಸ್ಪೀಡಿಗೆ ಒಂದು ಪಾಯಿಂಟ್ ಕೂಡ ಹಾಕೋದಿಲ್ಲ, ಸ್ಪೀಡ್ ಇಳಿಸೋ ನೇಚರ್ ಹುಡುಕ್ತಾನೆ, ಸ್ಪೀಡ್ ಐವಿ ಸೊನ್ನೆ ಇರೋದನ್ನು ಹುಡುಕಿ ಮರಿ ಮಾಡಿಸ್ತಾನೆ. ಬೇರೆಯವರು ಬಿಸಾಡಿದ್ದು ಇವನಿಗೆ ಬಂಗಾರ. 2014ರ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಪ್ಯಾಚಿರಿಸು ಅನ್ನೋ ಬಿಳಿ ಅಳಿಲನ್ನು ತಂದು ಗೆದ್ದದ್ದೂ ಇದೇ ಜಾತಿಯ ಯೋಚನೆ. ಅದರ ಅಟ್ಯಾಕ್ ಬೇಸ್, ಅಂದ್ರೆ ಆ ಜಾತಿಗೆ ಮೊದಲೇ ಇರೋ ಅಂಕ, ಬರೀ 45, ಹೊಡೆದ್ರೆ ಯಾರಿಗೂ ತಾಗೋದಿಲ್ಲ. ಅವನಿಗೆ ಅದು ಹೊಡೆಯೋದು ಬೇಕಾಗಿರಲಿಲ್ಲ, ಫಾಲೋ ಮಿ ಹಾಕಿ ಎದುರಿನ ಏಟೆಲ್ಲ ತನ್ನ ಮೈಮೇಲೆ ಎಳೆದುಕೊಂಡು ಜೊತೆಗೆ ಆಡೋ ಇನ್ನೊಂದು ಪೋಕೆಮಾನನ್ನು ಬದುಕಿಸಿದ್ರೆ ಸಾಕಿತ್ತು.

ಹಂಚಿಕೆ ಎಷ್ಟು ಸೂಕ್ಷ್ಮಕ್ಕೆ ಹೋಗ್ತದೆ ಅಂತ ಒಂದು ಲೆಕ್ಕ ತೋರಿಸ್ತೇನೆ. ಅಫೀಷಿಯಲ್ ಟೂರ್ನಮೆಂಟ್ ಎಲ್ಲ ಲೆವೆಲ್ 50ರಲ್ಲಿ, ಅಲ್ಲಿ ಮೊದಲ ನಾಲ್ಕು ಪಾಯಿಂಟಿಗೆ ಒಂದು, ಆಮೇಲೆ ಎಂಟೆಂಟಕ್ಕೆ ಒಂದು ಏರೋದು. ಗಾರ್ಚೊಂಪ್ ಅನ್ನೋ ಡ್ರ್ಯಾಗನ್ನಿನ ಸ್ಪೀಡ್ ಬೇಸ್ 102, ಸ್ಪೀಡ್ ಏರಿಸೋ ಜಾಲಿ ನೇಚರ್, 31 ಐವಿ, 252 ಇವಿ ಹಾಕಿದ್ರೆ 169. ಬೇಸ್ 100 ಇರೋ ಸಾಲಮೆನ್ಸ್, ಚಾರಿಝಾರ್ಡ್ ಎಲ್ಲ ಎಷ್ಟು ತುಂಬಿಸಿದ್ರೂ 167ಕ್ಕೆ ನಿಲ್ತವೆ. ಅಂದ್ರೆ ನಿಮಗೆ 168 ಸಾಕು, 244 ಹಾಕಿದ್ರೆ ಸರಿಯಾಗಿ 168 ಬರ್ತದೆ, ಎಂಟು ಪಾಯಿಂಟ್ ಉಳೀತು, ಅದನ್ನು ಎಚ್‌ಪಿಗೆ ಹಾಕಿದ್ರೆ ಒಂದು ಜೀವ ಜಾಸ್ತಿ. ಜಾಣತನ ಅಂತ ಕಾಣ್ತದಲ್ವಾ? ಆದ್ರೆ ಎದುರಿನವನೂ ಗಾರ್ಚೊಂಪ್ ತಂದ್ರೆ ಅವನದ್ದು 169, ನಿಮ್ಮದ್ದು 168, ಡ್ರ್ಯಾಗನ್‌ಗೆ ಡ್ರ್ಯಾಗನ್ ಹೊಡೆತವೇ ಮರಣ, ಅವ ಮೊದಲು ಹೊಡೀತಾನೆ, ನೀವು ಮನೆಗೆ. ಒಂದು ಜೀವಕ್ಕೋಸ್ಕರ ಇದು ನಷ್ಟದ ವ್ಯಾಪಾರ ಅಂತ ನನ್ನ ಅಭಿಪ್ರಾಯ. ಆದ್ರೆ ಎದುರು ಗಾರ್ಚೊಂಪ್ ಬಂದಾಗ ಹೇಗೂ ಬದಲಾಯಿಸುವವನಿಗೆ ಆ ಎಂಟು ಪಾಯಿಂಟ್ ಸ್ಪೀಡಲ್ಲಿ ದಂಡ.

ಹಾಗಾಗಿಯೇ ಬೇರೆಯವರ ಟೀಮ್ ಕಾಪಿ ಮಾಡಿದ್ರೆ ಅರ್ಧ ಮಾತ್ರ ಬರೋದು. ಶೋಡೌನ್ ಅನ್ನೋ ಆನ್‌ಲೈನ್ ಕಾದಾಟದ ಸೈಟಲ್ಲಿ ಆಡುವಾಗ ನಾನು ಒಂದಿಡೀ ವರ್ಷ ಸ್ಮೋಗನ್ ಅನ್ನೋ ಪೋಕೆಮಾನ್ ಸೈಟಿಂದ ಹೈಪರ್ ಅಫೆನ್ಸ್ ಸೆಟ್ (ತಯಾರಿ ಹಂಚಿಕೆ) ಎತ್ತಿ ಹಾಕಿ ಸೋತೆ. ಸೆಟ್ ತಪ್ಪಲ್ಲ, ನಾನು ಹೆದರುಪುಕ್ಕ. ಹೊಡೆಯಬೇಕಾದಲ್ಲಿ ಹಿಂದೆ ಎಳೀತಿದ್ದೆ, ಹಿಂದೆ ಬರಲಿಕ್ಕೆ ನನ್ನ ಪೋಕೆಮಾನಿನ ಮೈಯಲ್ಲಿ ತಡೆಯೋ ಪಾಯಿಂಟ್ ಒಂದೂ ಇರಲಿಲ್ಲ.

ಈಗಿನ ಮಕ್ಕಳಿಗೆ ಗೀಟು ಹಾಕೋ ಕಷ್ಟ ಇಲ್ಲ. 2019ರ ಸ್ವೋರ್ಡ್, ಶೀಲ್ಡ್ ಗೇಮುಗಳಿಂದ ಇವಿ ಏರಿಸೋ ವಿಟಮಿನ್‌ಗೆ ಇದ್ದ 100ರ ಮಿತಿ ತೆಗೆದಿದ್ದಾರೆ, ಒಂದಕ್ಕೆ 10 ಪಾಯಿಂಟ್, 26 ಕೊಟ್ರೆ ಒಂದು ಸ್ಟ್ಯಾಟ್ ಫುಲ್. ಮಿಂಟ್ ತಿನ್ನಿಸಿದ್ರೆ ನೇಚರಿನ ಲೆಕ್ಕವೇ ಬದಲಾಗ್ತದೆ. ಶೋಡೌನಲ್ಲಂತೂ ದುಡಿಮೆಯೇ ಇಲ್ಲ, ಸ್ಲೈಡರ್ ಎಳೆದ್ರೆ ಆಯ್ತು.

ಕಳೆದ ಭಾನುವಾರ ಅಕ್ಕನ ಮಗ ಹಾಗೇ ಸ್ಲೈಡರ್ ಎಳೀತಾ ಚಾರಿಝಾರ್ಡಿಗೆ ಸ್ಪೆಷಲ್ ಅಟ್ಯಾಕ್ 252, ಸ್ಪೀಡ್ 252 ಹಾಕಿದ. ಕೊನೆಯ ನಾಲ್ಕು ಉಳೀತು. ನಾನು ದೊಡ್ಡ ಮನುಷ್ಯನ ಹಾಗೆ "ಎಚ್‌ಪಿಗೆ ಹಾಕು, ಜೀವ ಜಾಸ್ತಿ ಇದ್ರೆ ಒಳ್ಳೆದಲ್ಲ" ಅಂದೆ.

"ಬೇಡ ಮಾಮ, ಹಾಕಿದ್ರೆ ಸಾಯ್ತದೆ."

"ಎಂತಕ್ಕೆ?"

"ಈಗ ಎಚ್‌ಪಿ 297 ಉಂಟಲ್ಲ. ಎದುರಿನವ ನಮ್ಮ ಕಡೆ ಸ್ಟೆಲ್ತ್ ರಾಕ್ ಕಲ್ಲು ಹರಡಿದ್ರೆ ಚಾರಿಝಾರ್ಡ್ ಒಳಗೆ ಬರುವಾಗ ಅರ್ಧ ಹೋಗ್ತದೆ, 148. ಇನ್ನೊಮ್ಮೆ ಬಂದ್ರೆ ಇನ್ನೊಂದು 148. ಒಂದು ಉಳೀತದೆ. ನೀವು ಹೇಳಿದ ಹಾಗೆ ಹಾಕಿದ್ರೆ 298, ಎರಡು ಸಲಕ್ಕೆ 149, 149, ಸೊನ್ನೆ."

ನಾನು ಮನಸ್ಸಲ್ಲೇ ಕೂಡಿಸಿ ನೋಡಿದೆ, ಸರಿ ಇತ್ತು. ನಾಲ್ಕನ್ನೂ ತೆಗೆದುಕೊಂಡು ಹೋಗಿ ಸ್ಪೆಷಲ್ ಡಿಫೆನ್ಸಿಗೆ ಹಾಕಿ, ಮತ್ತೆ ಭಾವ ಬರುವ ಶಬ್ದ ಆಯ್ತು ಅಂತ ಲ್ಯಾಪ್‌ಟಾಪ್ ಮುಚ್ಚಿದ.