ದಪ್ಪಗಿರುವ ಮಗು ಬೆಳೆದಂತೆ ತಾನಾಗಿ ಇಳಿದುಹೋಗುತ್ತದೆಯೇ?

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ವಯಸ್ಸಿಗೆ ಮೀರಿದ ತೂಕವಿದೆ ಎಂದಿದ್ದಾರೆ. ಮನೆಯ ಹಿರಿಯರು ಮಾತ್ರ, ಮೈಕೈ ತುಂಬಿಕೊಂಡ ಮಗು, ಉದ್ದ ಬೆಳೆದಂತೆ ತಾನಾಗಿ ಸಪೂರವಾಗುತ್ತಾನೆ ಎನ್ನುತ್ತಾರೆ. ಕಾದು ನೋಡಬಹುದೇ?

ಉತ್ತರ: ಹಿರಿಯರ ಮಾತು ಎರಡು ವರ್ಷದ ಮಗುವಿನ ಮಟ್ಟಿಗೆ ಬಹುಪಾಲು ನಿಜ. ಎಂಟು ವರ್ಷದ ಮಗುವಿಗೆ ಅದು ಒಂದು ಷರತ್ತಿನ ಮೇಲೆ ಮಾತ್ರ ನಿಜ, ಮತ್ತು ಇಂದು ಮಕ್ಕಳ ಸುತ್ತ ಇರುವ ಆಹಾರದ ನಡುವೆ ಆ ಷರತ್ತು ತಾನಾಗಿ ಈಡೇರುವುದು ಅಪರೂಪ.

ಮೊದಲು ಲೆಕ್ಕವನ್ನೇ ನೋಡೋಣ. ಹುಡುಗ 128 ಸೆಂಟಿಮೀಟರ್ ಎತ್ತರವಿದ್ದು 34 ಕಿಲೋ ತೂಗುತ್ತಾನೆ ಎಂದುಕೊಳ್ಳಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 20.8 ಬರುತ್ತದೆ. ಮೊಬೈಲಿನಲ್ಲಿರುವ ವಯಸ್ಕರ ಬಿಎಂಐ ಕ್ಯಾಲ್ಕುಲೇಟರ್‌ಗೆ ಇದನ್ನು ಕೊಟ್ಟರೆ ಎಲ್ಲವೂ ಸರಿಯಿದೆ ಎಂಬ ಹಸಿರು ಬಣ್ಣ ಕಾಣುತ್ತದೆ, ಅನೇಕ ಪೋಷಕರು ಅಲ್ಲಿಗೇ ನಿಶ್ಚಿಂತರಾಗುತ್ತಾರೆ. ಆದರೆ ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯ ಪ್ರಕಾರ ಎಂಟು ವರ್ಷದ ಹುಡುಗನ ಮಧ್ಯಮ ಬಿಎಂಐ 15.7, 17.4 ದಾಟಿದರೆ ಅಧಿಕ ತೂಕ, 19.7 ದಾಟಿದರೆ ಬೊಜ್ಜು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಹೊರತಂದ ನಕ್ಷೆಗಳಲ್ಲಿ, ನಮ್ಮವರ ಮೈಕಟ್ಟನ್ನು ಗಮನದಲ್ಲಿಟ್ಟುಕೊಂಡು, ಅಧಿಕ ತೂಕ ಮತ್ತು ಬೊಜ್ಜಿಗೆ ವಯಸ್ಕರ ಬಿಎಂಐ 25 ಮತ್ತು 30ರ ಬದಲು 23 ಮತ್ತು 27ಕ್ಕೆ ಸರಿಹೊಂದುವ ಗೆರೆಗಳನ್ನು ಎಳೆಯಲಾಗಿದೆ.

ಇದೇ ಹುಡುಗ ಇನ್ನೆರಡು ವರ್ಷಗಳಲ್ಲಿ 140 ಸೆಂಟಿಮೀಟರ್‌ಗೆ ಬೆಳೆದು, ತೂಕ ಮಾತ್ರ 34ರ ಆಸುಪಾಸಿನಲ್ಲೇ ನಿಂತರೆ ಬಿಎಂಐ 17.3ಕ್ಕೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಅದು ಸಹಜ ಮಿತಿಯೊಳಗೇ ಇರುವ ಅಂಕಿ. ಒಂದು ಕಿಲೋ ಕೂಡ ಕರಗದೆ ಮಗು ಸರಿಹೋಗಿರುತ್ತದೆ. ಹಿರಿಯರು ಹೇಳುವುದು ಇದನ್ನೇ. ಆದರೆ ವರ್ಷಕ್ಕೆ ಐದು ಕಿಲೋದಂತೆ ತೂಕ ಏರುತ್ತಾ ಹೋದರೆ ಅದೇ ಎತ್ತರದಲ್ಲಿ ಬಿಎಂಐ 22.4 ಆಗಿ, ಹತ್ತು ವರ್ಷದ ಬೊಜ್ಜಿನ ಗೆರೆಯಾದ 21.4ಕ್ಕಿಂತ ಮೇಲೆಯೇ ಉಳಿಯುತ್ತದೆ. ನಾನು ಹೇಳಿದ ಷರತ್ತು ಇದು: ಎತ್ತರ ಏರಬೇಕು, ತೂಕ ನಿಲ್ಲಬೇಕು. ಈ ವಯಸ್ಸಿನ ಬಹುತೇಕ ಮಕ್ಕಳಿಗೆ ವೈದ್ಯರು ತೂಕ ಇಳಿಸಿ ಎನ್ನುವುದಕ್ಕಿಂತ ತೂಕ ಏರದಂತೆ ನೋಡಿಕೊಳ್ಳಿ ಎನ್ನುವುದಕ್ಕೂ ಇದೇ ಕಾರಣ.

ಹಿರಿಯರ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಏರುವ ಬಿಎಂಐ ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂದು, ಐದಾರು ವರ್ಷದ ಹೊತ್ತಿಗೆ ತೀರಾ ಕೆಳಮಟ್ಟ ತಲುಪಿ, ಅಲ್ಲಿಂದ ಮತ್ತೆ ಮೇಲೇರುತ್ತದೆ. ತೊಡೆ ತುಂಬಾ ಮಡಿಕೆ ಬಿದ್ದಿದ್ದ ಕೂಸು ಶಾಲೆಗೆ ಸೇರುವ ಹೊತ್ತಿಗೆ ಪಕ್ಕೆಲುಬು ಕಾಣುವಷ್ಟು ತೆಳ್ಳಗಾಗುವುದನ್ನು ಪ್ರತಿ ಮನೆಯೂ ಕಂಡಿದೆ. ಆದರೆ ಈ ಸಹಜ ಇಳಿತ ನಿಮ್ಮ ಮಗನ ವಯಸ್ಸಿಗೆ ಮುಗಿದುಹೋಗಿರುತ್ತದೆ. ಐದು ವರ್ಷಕ್ಕೂ ಮುಂಚೆಯೇ ಮರು ಏರಿಕೆ ಶುರುವಾದ ಮಕ್ಕಳಿಗೆ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು. ಹಲವು ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬೊಜ್ಜಿರುವ ಮಕ್ಕಳಲ್ಲಿ ಶೇ 55ರಷ್ಟು ಮಂದಿಗೆ ಹದಿಹರೆಯದಲ್ಲೂ ಅದು ಉಳಿಯುತ್ತದೆ; ಹದಿಹರೆಯದಲ್ಲಿ ಬೊಜ್ಜಿದ್ದವರಲ್ಲಿ ಶೇ 80ರಷ್ಟು ಮಂದಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ಸರಿಹೋಗುವವರು ಇದ್ದಾರೆ, ಆದರೆ ಕಾದಷ್ಟೂ ಅವರ ಸಂಖ್ಯೆ ಕಡಿಮೆಯಾಗುತ್ತದೆ.

ಇನ್ನೊಂದು ಬದಲಾವಣೆಯನ್ನು ಹಿರಿಯರು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳಂತೆ 1990ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ ಶೇ 2ರಷ್ಟು ಮಂದಿಗೆ ಬೊಜ್ಜಿತ್ತು, 2022ರಲ್ಲಿ ಶೇ 8ರಷ್ಟು ಮಂದಿಗೆ, ಅಂದರೆ ಸುಮಾರು 16 ಕೋಟಿ ಮಕ್ಕಳಿಗೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆ ಎಂದು ಯುನಿಸೆಫ್ 2025ರಲ್ಲಿ ವರದಿ ಮಾಡಿತು; ದಕ್ಷಿಣ ಏಷ್ಯಾ ಮತ್ತು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾ ಮಾತ್ರ ಇದಕ್ಕೆ ಹೊರತು. ಮೂವತ್ತು ವರ್ಷಗಳಲ್ಲಿ ಮನುಷ್ಯನ ವಂಶವಾಹಿ ಬದಲಾಗುವುದಿಲ್ಲ. ಇಡೀ ಜಗತ್ತಿನ ಮಕ್ಕಳು ಒಟ್ಟಿಗೆ ಸೋಮಾರಿಗಳಾದರು ಎಂಬ ವಿವರಣೆಯನ್ನೂ ನಾನು ಒಪ್ಪುವುದಿಲ್ಲ. ಬದಲಾಗಿದ್ದು ಅವರ ಕೈಗೆಟುಕುವ ಆಹಾರ.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ನಿಯುಯೆಯಲ್ಲಿ 5ರಿಂದ 19 ವರ್ಷದವರಲ್ಲಿ ಶೇ 38, ಕುಕ್ ದ್ವೀಪಗಳಲ್ಲಿ ಶೇ 37, ನೌರುವಿನಲ್ಲಿ ಶೇ 33ರಷ್ಟು ಮಂದಿಗೆ ಬೊಜ್ಜಿದೆ. ಮೀನು, ಗೆಡ್ಡೆಗೆಣಸು, ತೆಂಗು ತಿಂದು ಬದುಕಿದ್ದ ಜನರ ತಟ್ಟೆಗೆ ಹಡಗಿನಲ್ಲಿ ಬಂದ ಡಬ್ಬಿ ಮಾಂಸ, ಸಕ್ಕರೆ, ದಿಢೀರ್ ನೂಡಲ್ಸ್ ಬಿದ್ದವು. ನೆರೆಯ ಸಮೋವಾ, ಅಮೆರಿಕದಿಂದ ಅಗ್ಗಕ್ಕೆ ಬಂದು ಬೀಳುತ್ತಿದ್ದ ಟರ್ಕಿ ಕೋಳಿಯ ಕೊಬ್ಬು ತುಂಬಿದ ಬಾಲವನ್ನು 2007ರಲ್ಲಿ ನಿಷೇಧಿಸಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಾದಾಗ ಆ ನಿಷೇಧವನ್ನೇ ಕೈಬಿಡಬೇಕಾಯಿತು. ಮಕ್ಕಳ ತೂಕ ಮನೆಯ ಅಡುಗೆಮನೆಯಲ್ಲಷ್ಟೇ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಚಿಲಿ ದೇಶವು 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಅಥವಾ ಕ್ಯಾಲೊರಿ ಮಿತಿಮೀರಿದ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಕಡ್ಡಾಯಗೊಳಿಸಿ, ಅಂಥವನ್ನು ಶಾಲೆಗಳಲ್ಲಿ ಮಾರುವುದನ್ನು ನಿಲ್ಲಿಸಿ, ಪೊಟ್ಟಣದ ಮೇಲಿನ ಕಾರ್ಟೂನ್ ಹುಲಿ, ಮೊಲಗಳನ್ನು ತೆಗೆಸಿತು. ಒಂದೂವರೆ ವರ್ಷದಲ್ಲಿ ಅಲ್ಲಿ ಅತಿ ಸಿಹಿ ಪಾನೀಯಗಳ ಖರೀದಿ ಹೆಚ್ಚುಕಡಿಮೆ ಕಾಲು ಭಾಗ ಕುಸಿಯಿತು. ಆದರೂ ಯುನಿಸೆಫ್ ವರದಿಯಲ್ಲಿ ಚಿಲಿಯ ಮಕ್ಕಳ ಬೊಜ್ಜಿನ ಪ್ರಮಾಣ ಶೇ 27ರಷ್ಟಿದೆ. ಖರೀದಿ ಬದಲಾದಷ್ಟು ಬೇಗ ಮೈತೂಕ ಬದಲಾಗುವುದಿಲ್ಲ.

ಭಾರತದಲ್ಲಿ 1990ರಲ್ಲಿ 5ರಿಂದ 19 ವರ್ಷದ ಸುಮಾರು 4 ಲಕ್ಷ ಮಕ್ಕಳಿಗಿದ್ದ ಬೊಜ್ಜು 2022ಕ್ಕೆ 1.25 ಕೋಟಿ ಮಕ್ಕಳಿಗೆ ಹಬ್ಬಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಳೆದ ನವಜಾತ ಶಿಶುಗಳು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳಿಗಿಂತ ಸುಮಾರು 800 ಗ್ರಾಂ ಹಗುರವಾಗಿದ್ದವು. ಆದರೆ ಕೊರತೆಯಿದ್ದದ್ದು ಮುಖ್ಯವಾಗಿ ಸ್ನಾಯುವಿನಲ್ಲಿ, ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟಾಗಿ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯು 1934ರಿಂದ ಜೋಪಾನವಾಗಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದ ಸಂಶೋಧನೆಯೂ, ಹುಟ್ಟಿದಾಗಿನ ಮೈಅಳತೆಗೂ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೂ ಇರುವ ನಂಟನ್ನು ಕೆದಕಿದ ಕೆಲಸವೇ. ಹೀಗಾಗಿ ಕಡಿಮೆ ತೂಕದಲ್ಲಿ ಹುಟ್ಟಿ ಆಮೇಲೆ ಬೇಗಬೇಗ ದಪ್ಪಗಾದ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು.

ಮನೆಯಲ್ಲಿ ಮೊದಲು ಕೈಹಾಕಬೇಕಾದದ್ದು ಕುಡಿಯುವ ಸಕ್ಕರೆಗೆ. ಒಟ್ಟು ಕ್ಯಾಲೊರಿಯ ಶೇ 5ಕ್ಕಿಂತ ಹೆಚ್ಚು ಸಕ್ಕರೆಯಿಂದ ಬರದಿದ್ದರೆ ಒಳ್ಳೆಯದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ದಿನಕ್ಕೆ 1,600 ಕ್ಯಾಲೊರಿ ಬೇಕಾದ ಮಗುವಿಗೆ ಅನ್ವಯಿಸಿದರೆ 20 ಗ್ರಾಂ ಆಗುತ್ತದೆ; 250 ಮಿಲಿಲೀಟರಿನ ಒಂದು ಕೋಲಾ ಬಾಟಲಿ ಅದನ್ನು ಒಂದೇ ಸಲಕ್ಕೆ ಮೀರಿಸುತ್ತದೆ. ಬಾಟಲಿಗಿಂತ ಕಣ್ತಪ್ಪುವುದು ಹಾಲಿಗೆ ಬೆರೆಸುವ ಸಿಹಿ ಪುಡಿ. ಇಂಥ ಪುಡಿಗಳನ್ನು ಆರೋಗ್ಯ ಪಾನೀಯದ ಪಟ್ಟಿಯಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿದೆ. ಸಂಜೆಯ ಬಿಸ್ಕತ್ತು, ಬೇಕರಿ ತಿಂಡಿ, ಚಿಪ್ಸ್ ಮನೆಯಲ್ಲೇ ಇಲ್ಲದಿದ್ದರೆ ದಿನವೂ ಬೇಡವೆನ್ನುವ ಜಗಳ ತಪ್ಪುತ್ತದೆ. ಹುಡುಗನೊಬ್ಬನಿಗೆ ಬೇರೆ ತಟ್ಟೆ ಹಾಕಿ ಪಥ್ಯ ಮಾಡಿಸಬೇಡಿ, ಬದಲಾವಣೆ ಇಡೀ ಮನೆಗಿರಲಿ. ನೆಂಟರ ಮುಂದೆ ಅವನ ಮೈಯ ಮಾತೆತ್ತುವುದೂ ಬೇಡ. ದಿನಕ್ಕೆ ಒಂದು ಗಂಟೆಯ ಓಟ, ಆಟ ಬೇಕೇ ಬೇಕು, ಆದರೆ ಆಟದಿಂದಲೇ ಎಲ್ಲ ಕರಗುತ್ತದೆ ಎಂದು ತಿನ್ನುವುದನ್ನು ಹಾಗೆಯೇ ಬಿಟ್ಟರೆ ಪ್ರಯೋಜನ ಕಡಿಮೆ.

ಥೈರಾಯ್ಡ್ ಇರಬಹುದೇ ಎಂದು ಅನೇಕರು ಮೊದಲೇ ಕೇಳುತ್ತಾರೆ. ಆಹಾರದಿಂದ ದಪ್ಪಗಾದ ಮಗು ಸಾಮಾನ್ಯವಾಗಿ ತನ್ನ ವಯಸ್ಸಿನವರಿಗಿಂತ ತುಸು ಎತ್ತರವೇ ಇರುತ್ತದೆ. ದಪ್ಪಗಿದ್ದೂ ಎತ್ತರ ನಿಂತುಹೋಗಿರುವ ಮಗುವಿನಲ್ಲಿ ಹಾರ್ಮೋನಿನ ತೊಂದರೆಯನ್ನು ಹುಡುಕಬೇಕು. ಕತ್ತಿನ ಹಿಂಭಾಗ ಮತ್ತು ಕಂಕುಳಿನ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನು ಕೊಳೆಯೆಂದು ಉಜ್ಜುತ್ತಾ ಕೂರಬೇಡಿ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು. ಈ ಲಕ್ಷಣಗಳಿದ್ದರೆ, ಅಥವಾ ಮಗು ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ, ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಿ. ಇವು ಯಾವುವೂ ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಎತ್ತರ ಮತ್ತು ತೂಕ ಎರಡನ್ನೂ ಅಳೆಸಿ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಆರು ತಿಂಗಳಾದರೂ ಗುರುತುಗಳು ಮೇಲಿನ ಗೆರೆಯ ಕಡೆಗೇ ಸಾಗುತ್ತಿದ್ದರೆ ಆಗಲೂ ವೈದ್ಯರಲ್ಲಿಗೆ ಹೋಗುವುದೇ ಸರಿ.