‘ನೆಟ್ ಸೆಂಡ್’ ಎಲ್ಲಿ ಹೋಯ್ತು ಮಾರಾಯ್ರೆ?

ಮಳೆಗಾಲ ಶುರುವಾಗುವ ಮೊದಲು ನಮಗೆ ನೆಟ್‌ವರ್ಕ್ ರಿಪೇರಿಯವರಿಗೆ ಸುಗ್ಗಿ. ಸಂಜೆ ಸಿಡಿಲು ಹೊಡೆದರೆ ಮರುದಿನ ಬೆಳಿಗ್ಗೆ ಫೋನು ಬಂತು ಅಂತಲೇ ಲೆಕ್ಕ. ಉಡುಪಿಯ ಕಿನ್ನಿಮುಲ್ಕಿ ಹತ್ತಿರದ ಒಂದು ಆಫೀಸಿಗೆ ಹಾಗೆಯೇ ಹೋಗಿದ್ದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಸುಟ್ಟಿತ್ತು. ಹೊಸದು ಹಾಕಿ ಕೇಬಲ್ ಸಿಕ್ಕಿಸುತ್ತಿದ್ದಾಗ ಮ್ಯಾನೇಜರು ಹತ್ತಿರ ಬಂದು ಕೇಳಿದರು: “ಮೊದಲು ಕಪ್ಪು ಪರದೆಯಲ್ಲಿ ಎಂತದೋ ಟೈಪ್ ಮಾಡಿದ್ರೆ ಎಲ್ಲರ ಕಂಪ್ಯೂಟರಲ್ಲೂ ಮೆಸೇಜ್ ಬರ್ತಿತ್ತಲ್ವಾ? ಅದು ಎಲ್ಲಿ ಹೋಯ್ತು ಮಾರಾಯ್ರೆ?”

ಅವರು ಕೇಳಿದ್ದು ವಿಂಡೋಸಿನ ನೆಟ್ ಸೆಂಡ್ ಎಂಬ ಕಮಾಂಡಿನ ಬಗ್ಗೆ. ಸುಮ್ನೆ ಕೇಳಿದ್ದಲ್ಲ. ಅಲ್ಲಿ ಇವತ್ತಿಗೂ ಲೆಕ್ಕಪತ್ರ ನಡೆಯುವುದು ಹಳೇ ಡೇಟಾಬೇಸ್ ಪ್ರೋಗ್ರಾಮ್ ಫಾಕ್ಸ್‌ಪ್ರೊದಲ್ಲಿ. ಯಾರೋ ಒಬ್ಬರು ಎಂಟ್ರಿ ಹಾಕುತ್ತಿರುವಾಗಲೇ ಸರ್ವರ್ ಆಫ್ ಮಾಡಿದರೆ ಎಂಟ್ರಿಗಳನ್ನು ಹುಡುಕಿಕೊಡುವ ಇಂಡೆಕ್ಸ್ ಫೈಲು ಕೆಡುವ ಸಾಧ್ಯತೆ ಜಾಸ್ತಿ. ಆಮೇಲೆ ರೀಇಂಡೆಕ್ಸ್ ಮಾಡುತ್ತಾ ಕೂರಬೇಕು. ಹಾಗಾಗಿ ‘ಹತ್ತು ನಿಮಿಷದಲ್ಲಿ ಸರ್ವರ್ ಆಫ್, ಎಲ್ಲರೂ ಹೊರಗೆ ಬನ್ನಿ’ ಅಂತ ಒಂದು ಮಾತು ಎಲ್ಲರಿಗೂ ತಲುಪಬೇಕು. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿರುವಾಗ ಮೇಲಿನ ಮಹಡಿಗೆ ಓಡುವುದು ಯಾರು?

ವಿಂಡೋಸ್ 95, 98ರ ಕಾಲದಲ್ಲಿ ಈ ಕೆಲಸಕ್ಕೆ ವಿನ್‌ಪಾಪಪ್ ಎಂಬ ಪುಟ್ಟ ಪ್ರೋಗ್ರಾಮ್ ಇತ್ತು. ಅದನ್ನು ತೆರೆದಿಟ್ಟರೆ ಮಾತ್ರ ಸಂದೇಶ ಬರುತ್ತಿತ್ತು. ಎನ್‌ಟಿ, 2000 ಮತ್ತು ಎಕ್ಸ್‌ಪಿಯಲ್ಲಿ ಆ ರಗಳೆಯೂ ಇರಲಿಲ್ಲ. ಮೆಸೆಂಜರ್ ಎಂಬ ಸರ್ವಿಸ್ ಹಿನ್ನೆಲೆಯಲ್ಲಿ ತಾನಾಗಿ ಓಡುತ್ತಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಸೆಂಡ್, ಆಮೇಲೆ ಕಂಪ್ಯೂಟರಿನ ಹೆಸರು, ಆಮೇಲೆ ಹೇಳಬೇಕಾದದ್ದು. ಎಂಟರ್ ಒತ್ತಿದರೆ ಆಚೆ ಬೂದು ಪೆಟ್ಟಿಗೆಯೊಂದು ಟಣ್ ಅಂತ ಎದ್ದು ನಿಲ್ಲುತ್ತಿತ್ತು. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಇಡೀ ವರ್ಕ್‌ಗ್ರೂಪಿಗೆ, ಅಂದರೆ ಒಂದೇ ಗುಂಪಿನ ಹೆಸರು ಇಟ್ಟುಕೊಂಡ ಎಲ್ಲ ಕಂಪ್ಯೂಟರಿಗೆ, ಹೋಗುತ್ತಿತ್ತು. ಚಾಟಿಂಗಿಗೆ ಬಳಸುತ್ತಿದ್ದ ಎಂಎಸ್ಎನ್ ಮೆಸೆಂಜರಿಗೂ ಇದಕ್ಕೂ ಸಂಬಂಧ ಇಲ್ಲ. ಹೆಸರು ಒಂದೇ ಥರ ಇದ್ದದ್ದರಿಂದ ಆಗ ಎಷ್ಟೋ ಜನ ಒಂದನ್ನು ನಿಲ್ಲಿಸಲು ಹೋಗಿ ಇನ್ನೊಂದನ್ನು ತೆಗೆದು ಹಾಕಿದ್ದರು.

ಆ ನಕ್ಷತ್ರದಿಂದ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮಂಗಳೂರಿನ ಹಂಪನಕಟ್ಟೆಯ ಒಂದು ಹಳೇ ಕಟ್ಟಡದಲ್ಲಿ ಎರಡು ಆಫೀಸಿನವರು ಖರ್ಚು ಉಳಿಸಲು ಒಂದೇ ಸ್ವಿಚ್ ಹಂಚಿಕೊಂಡಿದ್ದರು. ವರ್ಕ್‌ಗ್ರೂಪಿನ ಹೆಸರನ್ನು ಇಬ್ಬರೂ ಬದಲಿಸಿರಲಿಲ್ಲ. ‘ಊಟಕ್ಕೆ ಹೊರಟೆವು, ಬಂಗುಡೆ ಇದೆ, ಬೇಗ ಬನ್ನಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದೆ. ಪಕ್ಕದ ಆಫೀಸಿನ ಎಂಟೂ ಪರದೆಗಳಲ್ಲಿ ಅದು ಎದ್ದಿತು. ಅವರಲ್ಲಿ ಅವತ್ತು ಆಡಿಟ್ ನಡೆಯುತ್ತಿತ್ತು!

ಸಂದೇಶ ಹೋಗದಿದ್ದರೆ ಬರುತ್ತಿದ್ದ ಎರರ್ ನನಗೆ ಈಗಲೂ ಬಾಯಿಪಾಠ. ನಂಬರ್ 2273: ಈ ಹೆಸರು ನೆಟ್‌ವರ್ಕಿನಲ್ಲಿ ಸಿಗಲಿಲ್ಲ. ಕಾರಣ ತಿಳಿಯಬೇಕಾದರೆ ಒಳಗಿನ ವ್ಯವಸ್ಥೆ ಗೊತ್ತಿರಬೇಕು. ನೆಟ್‌ವರ್ಕಿನಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವ ನೆಟ್‌ಬಯೋಸ್ ಹೆಸರಿಗೆ ಒಟ್ಟು 16 ಅಕ್ಷರದ ಜಾಗ. ಮೊದಲ 15 ನಾವು ಇಟ್ಟ ಹೆಸರಿಗೆ, ಕೊನೆಯದು ಯಾವ ಸರ್ವಿಸ್ ಎಂದು ತೋರಿಸುವ ಗುರುತಿಗೆ. ಮೆಸೆಂಜರಿನ ಗುರುತು 03. ಸರ್ವಿಸ್ ಓಡುತ್ತಿದ್ದರೆ ಮಾತ್ರ ಆ ಗುರುತಿನ ಹೆಸರು ನೋಂದಣಿಯಾಗುತ್ತದೆ. ಎನ್‌ಬಿಟಿಸ್ಟ್ಯಾಟ್ ಕಮಾಂಡಿಗೆ ಮೈನಸ್ ಎನ್ ಸೇರಿಸಿ ಆ ಮೆಷಿನ್ನಿನಲ್ಲೇ ಹೊಡೆದರೆ ನೋಂದಣಿಯಾದ ಹೆಸರುಗಳ ಪಟ್ಟಿ ಕಾಣುತ್ತದೆ. 03 ಇಲ್ಲವೆಂದರೆ ಆ ಮೆಷಿನ್ನಿಗೆ ಕಿವಿ ಇಲ್ಲ. ಫೈಲ್ ಶೇರಿಂಗ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಮೆಷಿನ್ ಬದುಕಿದೆಯೇ ಎಂದು ನೋಡುವ ಪಿಂಗಿಗೆ ಉತ್ತರ ಬರುತ್ತಿರುತ್ತದೆ, ಮೆಸೇಜ್ ಮಾತ್ರ ಹೋಗುವುದಿಲ್ಲ. ಮೆಷಿನ್ ಆಫ್ ಇದ್ದರೂ ಅಷ್ಟೇ. ಅಂಚೆ ಡಬ್ಬಿಯ ಹಾಗೆ ಕಾಗದ ಹಾಕಿಡುವ ಜಾಗ ಇಲ್ಲಿಲ್ಲ. ಆ ಗಳಿಗೆಯಲ್ಲಿ ಕೇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟು ಸಲೀಸಾದದ್ದು ಹೋದದ್ದು ಯಾಕೆ? ಅದು ಯಾರನ್ನೂ ‘ನೀನು ಯಾರು’ ಅಂತ ಕೇಳುತ್ತಿರಲಿಲ್ಲ. ಕಳಿಸಿದವರ ಹೆಸರು ಅಂತ ಕಾಣುತ್ತಿದ್ದದ್ದು ಕಳಿಸಿದವರು ಹೇಳಿಕೊಂಡ ಹೆಸರು, ಅಷ್ಟೇ. ಗೋಡೆಯೊಳಗಿನ ಹತ್ತು ಕಂಪ್ಯೂಟರಿಗೆ ಈ ನಂಬಿಕೆ ಸಾಕಿತ್ತು. ಅದೇ ಮೆಷಿನ್ನುಗಳನ್ನು ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇಲ್ಲದೆ ನೇರ ಇಂಟರ್‌ನೆಟ್ಟಿಗೆ ಸಿಕ್ಕಿಸಿದಾಗ ಊರವರೆಲ್ಲ ಅಂಗಳಕ್ಕೆ ಬಂದರು. 2002, 2003ರ ಹೊತ್ತಿಗೆ ಅದೇ ಬೂದು ಪೆಟ್ಟಿಗೆಯಲ್ಲಿ ಜಾಹೀರಾತು ಸುರಿಯತೊಡಗಿತು. ಪಾಪಪ್ ನಿಲ್ಲಿಸುವ ಸಾಫ್ಟ್‌ವೇರ್ ಮಾರಲು ಪಾಪಪ್ಪನ್ನೇ ಕಳಿಸುತ್ತಿದ್ದರು! ಅಂಥ ಒಂದು ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಕೋರ್ಟಿಗೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೆಸೆಂಜರ್ ಸರ್ವಿಸಿನ ದೋಷ ಬಳಸಿ ಹೊರಗಿನವರು ಕಂಪ್ಯೂಟರನ್ನೇ ಕೈವಶ ಮಾಡಿಕೊಳ್ಳಬಹುದು ಎಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿ ಪ್ಯಾಚ್ ಕೊಟ್ಟಿತು. 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಬಂದಾಗ ಸರ್ವಿಸ್ ಮುಚ್ಚಿದ ಸ್ಥಿತಿಯಲ್ಲೇ ಬಂತು. ವಿಸ್ತಾದಲ್ಲಿ ಪೂರ್ತಿ ತೆಗೆದೇ ಹಾಕಿದರು. ನನ್ನನ್ನು ಕೇಳಿದರೆ ಸರಿಯಾದ ಕೆಲಸ.

ಇನ್ನೂ ಎಕ್ಸ್‌ಪಿ ಓಡಿಸುವವರು ನಮ್ಮಲ್ಲಿ ಇದ್ದಾರೆ, ನನಗೆ ಗೊತ್ತು. ಆ ನೆಟ್‌ವರ್ಕಿಗೆ ಇಂಟರ್‌ನೆಟ್ಟಿನ ದಾರಿ ಒಂದೂ ಇಲ್ಲ ಅಂತಾದರೆ ಮೆಸೆಂಜರ್ ಸರ್ವಿಸನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡಿ. ಫೈರ್‌ವಾಲಿನಲ್ಲಿ ಫೈಲ್ ಮತ್ತು ಪ್ರಿಂಟರ್ ಶೇರಿಂಗಿಗೆ ಅನುಮತಿ ಇರಲಿ. ದಾರಿ ಇದ್ದರೆ ಅದನ್ನು ಮುಟ್ಟಲೇಬೇಡಿ.

ಕಿನ್ನಿಮುಲ್ಕಿಯವರದು ಈಗ ಎಲ್ಲ ವಿಂಡೋಸ್ 10. ಅಲ್ಲಿ ಎಂಎಸ್‌ಜಿ ಎಂಬ ಬೇರೆ ಕಮಾಂಡ್ ಉಂಟು. ಅದು ಹಲವರು ಒಂದೇ ಸರ್ವರಿಗೆ ಲಾಗಿನ್ ಆಗಿ ಕೆಲಸ ಮಾಡುವ ಟರ್ಮಿನಲ್ ಸರ್ವರಿಗಾಗಿ ಹುಟ್ಟಿದ್ದು, ಕಂಪ್ಯೂಟರಿಗಲ್ಲ, ಲಾಗಿನ್ ಆಗಿ ಕೂತವರಿಗೆ ಸಂದೇಶ ಕೊಡುತ್ತದೆ. ಪ್ರೊ ಆವೃತ್ತಿಯಲ್ಲಿ ಇದೆ, ಹೋಮ್‌ನಲ್ಲಿ ಇಲ್ಲ. ಬೇರೆ ಮೆಷಿನ್ನಿಗೆ ಕಳಿಸಬೇಕಾದರೆ ಆ ಮೆಷಿನ್ನಿನಲ್ಲಿ ವಿಂಡೋಸಿನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಟರ್ಮಿನಲ್ ಸರ್ವರ್ ಎಂಬ ಕೀ ಒಳಗೆ ಅಲೋ ರಿಮೋಟ್ ಆರ್‌ಪಿಸಿಯ ಬೆಲೆಯನ್ನು 1 ಮಾಡಬೇಕು, ಫೈರ್‌ವಾಲಿನಲ್ಲಿ 445ನೇ ಪೋರ್ಟ್ ಎಂಬ ಬಾಗಿಲು ತೆರೆದಿರಬೇಕು, ಕಳಿಸುವವರಿಗೆ ಅಲ್ಲಿ ಖಾತೆ ಮತ್ತು ಅಧಿಕಾರ ಇರಬೇಕು. ಹಳೆಯದು ಕೇಳದ ‘ನೀನು ಯಾರು’ ಎಂಬ ಪ್ರಶ್ನೆಯನ್ನು ಇದು ಕೇಳುತ್ತದೆ. ಪೋರ್ಟನ್ನು ಎಲ್ಲರಿಗೂ ತೆರೆಯಬೇಡಿ, ಸರ್ವರಿನ ಐಪಿ ವಿಳಾಸಕ್ಕೆ ಮಾತ್ರ ಕೊಡಿ. ನಾನು ಹಾಗೆಯೇ ಮಾಡಿ, ಹೆಸರುಗಳನ್ನೆಲ್ಲ, ಕಮಾಂಡುಗಳನ್ನು ಸಾಲಾಗಿ ಓಡಿಸುವ ಒಂದು ಬ್ಯಾಚ್ ಫೈಲಿಗೆ ಹಾಕಿ, ಸರ್ವರಿನ ಡೆಸ್ಕ್‌ಟಾಪಿನಲ್ಲಿ ಐಕಾನ್ ಇಟ್ಟೆ. ಮ್ಯಾನೇಜರು ಡಬಲ್ ಕ್ಲಿಕ್ ಮಾಡಿದರು. ಎಲ್ಲ ಕಡೆ ಟಣ್ ಅಂತ ಬಂತು. ಕ್ಯಾಶ್ ಕೌಂಟರಿನವರು ಓದದೆ ಓಕೆ ಒತ್ತಿ ಎಂಟ್ರಿ ಮುಂದುವರಿಸಿದರು.

ಆಮೇಲೆ ಮ್ಯಾನೇಜರಿಗೆ ಇನ್ನೊಂದು ಕಮಾಂಡ್ ಬರೆದುಕೊಟ್ಟೆ: ನೆಟ್ ಫೈಲ್. ಸರ್ವರಿನಲ್ಲಿ ಕೂತು ಹೊಡೆದರೆ ಯಾವ ಫೈಲನ್ನು ಯಾರು ಹಿಡಿದುಕೊಂಡಿದ್ದಾರೆ ಅಂತ ಪಟ್ಟಿ ಬರುತ್ತದೆ. ಅವತ್ತು ಪಟ್ಟಿಯಲ್ಲಿ ಉಳಿದದ್ದು ಕ್ಯಾಶ್ ಕೌಂಟರಿನ ಹೆಸರೊಂದೇ. ಮ್ಯಾನೇಜರು ಎದ್ದು ಅವರ ಮೇಜಿನ ಹತ್ತಿರ ನಡೆದುಹೋದರು. ಪಟ್ಟಿ ಖಾಲಿಯಾದ ಮೇಲೆ ಸರ್ವರ್ ಆಫ್ ಮಾಡಿದೆವು.